ಬ್ಯಾಂಕ್ ಸಿಬ್ಬಂದಿಗೆ ಕನ್ನಡ ಕಲಿಕೆ

ಬೆಂಗಳೂರು ಹೊರವಲಯದ ಬ್ಯಾಂಕ್ ಶಾಖೆಯೊಂದರಲ್ಲಿ 2025ರ ಮೇ ತಿಂಗಳಲ್ಲಿ ಎದ್ದ ಭಾಷಾ ವಿವಾದದ ಬಳಿಕ, ಸಿಬ್ಬಂದಿಗೆ ಸ್ಥಳೀಯ ಭಾಷೆ, ಸಂಸ್ಕೃತಿಯ ಬಗ್ಗೆ ತರಬೇತಿ ಕಡ್ಡಾಯಗೊಳಿಸುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರವನ್ನು ಒತ್ತಾಯಿಸಿದ್ದರು. ಬೇಡಿಕೆ ನ್ಯಾಯವಾದುದೇ. ಪಿಂಚಣಿ ಖಾತೆಯಿಂದ ಹಣ ಕಡಿತವಾದದ್ದೇಕೆಂದು ಪಾಸ್‌ಬುಕ್ ಚಾಚಿ ಕೇಳುವ ವೃದ್ಧೆಗೆ ಸಿಬ್ಬಂದಿಯ ಉತ್ತರ ಅರ್ಥವಾಗದಿದ್ದರೆ ಆಕೆ ಮಧ್ಯವರ್ತಿಯನ್ನು ಹಿಡಿಯಬೇಕಾಗುತ್ತದೆ. ಗುಟ್ಟಾಗಿರಬೇಕಾದ ಲೆಕ್ಕ ಪರರ ಕೈಸೇರುತ್ತದೆ.

ಆದರೆ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಹೊಸ ಭಾಷೆ ಬರಿಯ ಸುತ್ತೋಲೆಯಿಂದ ನಾಲಿಗೆಗೆ ಹತ್ತದು. ಕೆಲಸದ ವೇಳೆಯಲ್ಲೇ ತರಗತಿ ನಡೆಯಲಿ. ವರ್ಣಮಾಲೆಗಿಂತ ಮೊದಲು ಸಾಲ, ಬಡ್ಡಿ, ಕಂತು, ಖಾತೆಯ ಮಾತುಕತೆ ಕಲಿಸಲಿ. ಕಲಿಯುವವರು ತಡವರಿಸಿದಾಗ ಗ್ರಾಹಕರು ನಗದೆ, ಗದರದೆ ತಿದ್ದಬೇಕು. ಈ ಕಲಿಕೆಗೆ ಸಮಯ ಮತ್ತು ಹಣ ಒದಗಿಸುವುದು ಬ್ಯಾಂಕುಗಳ ಹೊಣೆ. ಸಿಬ್ಬಂದಿಯ ಬಿಡುವಿನ ವೇಳೆಯ ಮೇಲೆ ಅದನ್ನು ಹೊರಿಸಬಾರದು.