ಹತ್ತುಮೀನಿಗೆ ದಾರಿ ಬಿಡೋಣ

ಮಕ್ಕಳೇ, ಮುಂಗಾರಿನ ಮೊದಲ ಜೋರು ಮಳೆ ಸುರಿದ ರಾತ್ರಿ ಮಲೆನಾಡಿನ ಹಳ್ಳಗಳ ದಡದಲ್ಲಿ ಬ್ಯಾಟರಿ ಬೆಳಕು ಓಡಾಡುವುದನ್ನು ನೀವು ನೋಡಿರಬಹುದು. ದೊಡ್ಡವರು ಕತ್ತಿ, ಬಲೆ, ಕೂಣಿ ಹಿಡಿದು ಹತ್ತುಮೀನಿಗೆ ಹೊರಟಿರುತ್ತಾರೆ. ಮರುದಿನ ಕೇರಿಯ ತುಂಬ ಮೀನು ಸಾರಿನ ಪರಿಮಳ! ಆದರೆ ಈ ಮೀನುಗಳು ಹೊಳೆ ಬಿಟ್ಟು ಮೇಲಕ್ಕೆ ಹತ್ತುವುದೇಕೆ ಎಂದು ಯೋಚಿಸಿದ್ದೀರಾ?

ಮೊಟ್ಟೆಯಿಡಲು. ಬೇಸಿಗೆಯಲ್ಲಿ ತುಂಗಾ, ಭದ್ರಾ, ಶರಾವತಿಯಂಥ ನದಿಗಳ ಮಡುಗಳಲ್ಲಿ ಉಳಿದ ಮೀನುಗಳು ಹೊಸನೀರು ಬಂದೊಡನೆ ಹರಿವಿಗೆ ಎದುರಾಗಿ ಈಜುತ್ತವೆ. ನದಿಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಅಲ್ಲಿಂದ ನೀರು ನಿಂತ ಗದ್ದೆಗೆ ಬರುತ್ತವೆ. ಗದ್ದೆಯ ನೀರಿಗೆ ಆಳವಿಲ್ಲ, ರಭಸವಿಲ್ಲ. ಬಿಸಿಲು ಬಿದ್ದರೆ ಬೇಗ ಬೆಚ್ಚಗಾಗುತ್ತದೆ. ಮರಿಗಳಿಗೆ ಬೇಕಾದ ಸೂಕ್ಷ್ಮಜೀವಿಗಳು ಹೇರಳವಾಗಿರುತ್ತವೆ. ಅವುಗಳನ್ನು ನುಂಗುವ ದೊಡ್ಡ ಮೀನುಗಳು ಕಡಿಮೆ. ಗದ್ದೆ ನಮಗೆ ಅನ್ನ ಕೊಡುವ ಜಾಗ. ಮೀನಿಗೆ ಅದೇ ಬಾಣಂತಿ ಕೋಣೆ, ಅದೇ ಅಂಗನವಾಡಿ! ನೀರು ಇಳಿಯುವ ಹೊತ್ತಿಗೆ ಬೆಳೆದ ಮರಿಗಳು ಅದೇ ದಾರಿಯಲ್ಲಿ ಹೊಳೆ ಸೇರುತ್ತವೆ.

ಈಗ ಲೆಕ್ಕ ಹಾಕಿ. ಹತ್ತಿ ಬರುವ ಒಂದು ಗೆಂಡೆ ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆಗಳಿರಬಹುದು. ಅದನ್ನು ಮೊಟ್ಟೆಯಿಡುವ ಮೊದಲೇ ಹಿಡಿದರೆ ನಾವು ಕಳೆದುಕೊಳ್ಳುವುದು ಒಂದೇ ಮೀನನ್ನಲ್ಲ.

"ಅಜ್ಜನ ಕಾಲದಿಂದ ಹಿಡಿಯುತ್ತಿದ್ದೇವೆ, ಮೀನು ಮುಗಿದುಹೋಯಿತೇ?" ಎಂದು ಮನೆಯಲ್ಲಿ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಜ್ಜನ ಕಾಲದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಇಷ್ಟೊಂದು ಸಿಮೆಂಟಿನ ಒಡ್ಡುಗಳಿರಲಿಲ್ಲ. ಗದ್ದೆಗೆ ಕಳೆನಾಶಕ, ಕೀಟನಾಶಕ ಬೀಳುತ್ತಿರಲಿಲ್ಲ. ಎಷ್ಟೋ ಗದ್ದೆಗಳು ಇಂದು ಅಡಿಕೆ ತೋಟಗಳಾಗಿವೆ. ಮೀನಿಗೆ ಕಷ್ಟ ತಂದದ್ದು ಹಿಡಿಯುವ ಕೈಯೊಂದೇ ಅಲ್ಲ, ನಿಜ. ಆದರೆ ಒಡ್ಡನ್ನು ನಾವು ನಾಳೆಯೇ ಬದಲಿಸಲಾರೆವು. ಹಿಡಿಯುವ ರೀತಿಯನ್ನು ಈ ಮಳೆಗಾಲದಲ್ಲೇ ಬದಲಿಸಬಹುದು.

ನಮ್ಮ ಕರಾವಳಿಯನ್ನು ನೋಡಿ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡಲಿ ಎಂದೇ ಈ ರಜೆ. ಅಷ್ಟು ದೊಡ್ಡ ಕಡಲಿಗೇ ರಜೆ ಬೇಕಾದರೆ, ಹಾರಿ ದಾಟಬಹುದಾದ ನಮ್ಮೂರ ಹಳ್ಳಕ್ಕೆ ಬೇಡವೇ?

ಮೀನು ತಿನ್ನಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಮೊದಲ ನೆರೆಯ ಕೆಲವು ದಿನ ಮೀನು ಹತ್ತಲು ಬಿಡೋಣ. ಆಮೇಲೂ ಹಳ್ಳದ ಪೂರ್ತಿ ಅಗಲಕ್ಕೆ ಬಲೆ ಕಟ್ಟದೆ, ಅರ್ಧ ದಾರಿಯನ್ನಾದರೂ ತೆರೆದಿಡೋಣ. ವಿಷ ಹಾಕುವುದು, ಸಿಡಿಮದ್ದು ಸಿಡಿಸುವುದು ಅಪರಾಧವೆಂದು 1897ರ ಮೀನುಗಾರಿಕೆ ಕಾಯಿದೆಯೇ ಹೇಳಿತ್ತು. ಇದನ್ನು ಮನೆಯವರಿಗೂ ತಿಳಿಸಿ.

ನೀವು ಮಾಡಬಹುದಾದ ಕೆಲಸವೂ ಒಂದಿದೆ. ಹಗಲಿನಲ್ಲಿ, ದೊಡ್ಡವರ ಜೊತೆ ಗದ್ದೆಯಂಚಿಗೆ ಹೋಗಿ. ಯಾವ ದಿನ ಹೊಸನೀರು ಬಂತು, ಯಾವ ಮೀನು ಕಂಡಿತು, ಊರಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಬರೆದಿಡಿ. ಅಜ್ಜ ಅಜ್ಜಿ ಕಂಡಿದ್ದ, ಈಗ ಕಾಣದ ಮೀನುಗಳ ಹೆಸರನ್ನೂ ಕೇಳಿ ಬರೆಯಿರಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತರಗತಿಯಲ್ಲಿ ಓದಿ. ಹಳ್ಳಕ್ಕೆ ರಜೆ ಬೇಕೋ ಬೇಡವೋ ನೀವೇ ತೀರ್ಮಾನಿಸಿ.