ಮುಗಿಯುವ ಸಂಪತ್ತು, ಮುಗಿಯದ ಸಂಪತ್ತು

ಡಿಸೆಂಬರ್ ಬಂತೆಂದರೆ ನಮ್ಮ ಪುಣೆಯ ಕ್ಯಾಂಪ್ ಭಾಗದ ಬೀದಿಗಳಲ್ಲಿ ನಕ್ಷತ್ರದ ಆಕಾಶಬುಟ್ಟಿಗಳು ತೂಗಾಡತೊಡಗುತ್ತವೆ. ನೆರೆಹೊರೆಯ ಕ್ರೈಸ್ತ ಬಂಧುಗಳಿಗೆ ನಾವೆಲ್ಲ 'ಹ್ಯಾಪಿ ಕ್ರಿಸ್ಮಸ್' ಎಂದು ಶುಭ ಕೋರುತ್ತೇವೆ. ಅವರು ಕೊಟ್ಟ ಕೇಕನ್ನು ಸಂತೋಷದಿಂದ ತಿನ್ನುತ್ತೇವೆ. ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಈ 'ಹ್ಯಾಪಿ' ಎಂಬ ಮಾತಿನ ಆಯುಸ್ಸು ಎಷ್ಟು? ಆಕಾಶಬುಟ್ಟಿ ಕೆಳಗಿಳಿಯುವವರೆಗೆ ಮಾತ್ರವೇ? ನಮ್ಮ ದೀಪಾವಳಿಯ ಹಣತೆಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಸುಖವು ಸಂಪತ್ತಿನಲ್ಲಿಲ್ಲ ಎಂಬುದು ಕನ್ನಡಿಗರಾದ ನಮಗೆ ಹೊಸ ಮಾತಲ್ಲ. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕ ಎಲ್ಲವನ್ನೂ ತೊರೆದು ಪುರಂದರದಾಸರಾದ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿಯೇ ಬೆಳೆದವರು ನಾವು. ಆದರೆ ಸಂಪತ್ತಿನಲ್ಲಿಲ್ಲದ ಸುಖ ಮತ್ತೆಲ್ಲಿದೆ? ಈ ಪ್ರಶ್ನೆಯನ್ನು ಜೀವಮಾನವಿಡೀ ಬೆನ್ನಟ್ಟಿ, ಕ್ರಿಸ್ತನ ಬಳಿ ಉತ್ತರ ಕಂಡುಕೊಂಡ ಒಬ್ಬ ಮಹಿಳೆ ಹುಟ್ಟಿದ್ದು ನಮ್ಮ ಕರ್ನಾಟಕದ ಮಲೆಯಲ್ಲಿ, ಬಾಳಿ ಮಣ್ಣಾದದ್ದು ನಮ್ಮ ಪುಣೆ ಜಿಲ್ಲೆಯಲ್ಲಿ. ಅವರೇ ಪಂಡಿತಾ ರಮಾಬಾಯಿ. ಕ್ರಿಸ್ಮಸ್ ಸಮಯದ ಈ ಅಂಕಣಕ್ಕೆ ಅವರಿಗಿಂತ ಹತ್ತಿರದ ಉದಾಹರಣೆ ನನಗೆ ತೋಚಲಿಲ್ಲ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಇಂದಿನ ಕಾರ್ಕಳ ತಾಲ್ಲೂಕಿನ ಮಾಳದ ಕಡೆಯವರು. ತರುಣರಾಗಿದ್ದಾಗ ವಿದ್ಯಾಭ್ಯಾಸಕ್ಕೆಂದು ಪುಣೆಗೆ ಬಂದಿದ್ದರು. ಪೇಶ್ವೆಯವರ ಮನೆಯ ಹೆಣ್ಣುಮಗಳೊಬ್ಬರು ಸಂಸ್ಕೃತ ಕಲಿಯುತ್ತಿದ್ದುದನ್ನು ಇಲ್ಲಿಯೇ ಕಂಡು, ತಮ್ಮ ಮನೆಯವರಿಗೂ ಕಲಿಸಬೇಕೆಂದು ಸಂಕಲ್ಪ ಮಾಡಿದರು. ಊರಿನಲ್ಲಿ ವಿರೋಧ ಬಂತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ತಮ್ಮ ನಡೆಗೆ ಶಾಸ್ತ್ರಾಧಾರ ತೋರಿಸಬೇಕಾಯಿತು. ಕೊನೆಗೆ ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು, ಪತ್ನಿ ಲಕ್ಷ್ಮೀಬಾಯಿಗೂ ಶಿಷ್ಯರಿಗೂ ಪಾಠ ಹೇಳಿದರು. ತುಂಗಭದ್ರೆಯರು ಹುಟ್ಟುವ ಆ ಜಾಗದಲ್ಲೇ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು.

ಅತಿಥಿ ಅಭ್ಯಾಗತರ ಸತ್ಕಾರದಲ್ಲಿ ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಕುಳ್ಳಿರಿಸಿದ ರಮಾಳನ್ನು ಘಟ್ಟದಿಂದ ಕೆಳಗೆ ಹೊತ್ತು ತಂದರಂತೆ. ಆಮೇಲೆ ಅವರಿಗೆ ಸ್ವಂತ ಮನೆಯೆಂಬುದಿರಲಿಲ್ಲ. ದೇವಸ್ಥಾನಗಳಲ್ಲಿ ಪುರಾಣ ಹೇಳುವುದು, ಬಂದ ಕಾಣಿಕೆಯಲ್ಲಿ ದಾನಧರ್ಮ ಮಾಡುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು, ಇದೇ ಜೀವನ. ಪುಣ್ಯ ಗಳಿಸುವುದರಲ್ಲಿ ಆ ದಂಪತಿಗಳು ಲೋಪ ಮಾಡಿದವರಲ್ಲ. ತಾಯಿಯೇ ಗುರುವಾಗಿ ಮಗಳಿಗೆ ಸಂಸ್ಕೃತ ಕಲಿಸಿದರು. ತಿರುಗಾಟದಲ್ಲಿ ಕನ್ನಡ, ಮರಾಠಿ, ಹಿಂದಿ, ಬಂಗಾಳಿ ಭಾಷೆಗಳೂ ರಮಾಬಾಯಿಗೆ ಬಂದವು.

ಆಗ ಬಂದದ್ದು ಮದ್ರಾಸ್ ಪ್ರಾಂತ್ಯದ ಘೋರ ಕ್ಷಾಮ. ಮೈಮೇಲಿನ ಒಡವೆ, ಮನೆಯ ಪಾತ್ರೆ ಎಲ್ಲವೂ ಮಾರಾಟವಾದವು. ದಿನಗಟ್ಟಲೆ ನೀರು, ಸೊಪ್ಪು, ಕಾಡಿನ ಈಚಲ ಹಣ್ಣುಗಳಲ್ಲಿ ಜೀವ ಹಿಡಿದರು. 1874ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಕಾಲ್ನಡಿಗೆಯಲ್ಲಿ ಉತ್ತರದತ್ತ ಸಾಗಿ 1878ರಲ್ಲಿ ಕಲ್ಕತ್ತೆ ಸೇರಿದರು.

ಕಲ್ಕತ್ತೆಯಲ್ಲಿ ಅದೃಷ್ಟ ತಿರುಗಿತು. ಇಪ್ಪತ್ತು ವರ್ಷದ ಹೆಣ್ಣುಮಗಳ ಪಾಂಡಿತ್ಯಕ್ಕೆ ಅಲ್ಲಿನ ವಿದ್ವಾಂಸರು ತಲೆದೂಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ದೇಶದಾದ್ಯಂತ ಹೆಸರಾಯಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರೊಡನೆ, ಜಾತಿಯ ಕಟ್ಟನ್ನು ಮೀರಿ, ವಿವಾಹವಾಯಿತು. ಮಗಳು ಮನೋರಮಾ ಹುಟ್ಟಿದಳು. ಮದುವೆಗೆ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಇನ್ನೂ ವರ್ಷ ತುಂಬದ ಕೂಸು.

ಲೋಕವು ಸುಖವೆಂದು ಕರೆಯುವ ಒಂದೊಂದೂ ಈ ಬಾಳಿಗೆ ಬಂದಿತ್ತು. ಒಂದೊಂದೂ ಕೈಬಿಟ್ಟು ಹೋಗಿತ್ತು. ತಂದೆ ಕೂಡಿಸಿದ ಹಣ ಹೋಯಿತು, ಪುಣ್ಯದ ಗಂಟು ಹಸಿವಿಗೆ ಒದಗಲಿಲ್ಲ, ಸಂಸಾರವೂ ಉಳಿಯಲಿಲ್ಲ. ಉಳಿದದ್ದು ವಿದ್ಯೆಯೊಂದೇ. ಆ ವಿದ್ಯೆಯನ್ನು ನಂಬಿ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಮರುವರ್ಷ ವೈದ್ಯಕೀಯ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು.

ಲಂಡನ್ನಿನಲ್ಲಿ ಒಂದು ಆಶ್ರಮವನ್ನು ನೋಡುವ ಅವಕಾಶ ಅವರಿಗೆ ಒದಗಿತು. ಸಮಾಜ 'ಕೆಟ್ಟವಳು' ಎಂದು ಹೊರಗಟ್ಟಿದ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಸ್ವಂತ ಅಕ್ಕತಂಗಿಯರಂತೆ ಆರೈಕೆ ಮಾಡುತ್ತಿದ್ದರು. ಇವರಿಗೇಕೆ ಇಷ್ಟು ಕರುಣೆ ಎಂದು ರಮಾಬಾಯಿ ಕೇಳಿದಾಗ ಸಿಕ್ಕ ಉತ್ತರ, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಕಥೆ. ನಡುಮಧ್ಯಾಹ್ನ ಬಾವಿಗೆ ನೀರಿಗೆ ಬಂದ ಸಮಾರ್ಯದ ಹೆಂಗಸು. ಐವರು ಗಂಡಂದಿರನ್ನು ಕಂಡವಳು. ಊರವರ ಬಾಯಿಗೆ ಬಿದ್ದವಳು. ಅವಳ ಹತ್ತಿರ ಯೇಸು ತಾನೇ ನೀರು ಕೇಳುತ್ತಾನೆ. ಈ ಬಾವಿಯ ನೀರು ಕುಡಿದರೆ ಮತ್ತೆ ಬಾಯಾರಿಕೆ ತಪ್ಪದು, ತಾನು ಕೊಡುವ ನೀರು ಕುಡಿದವರ ಒಳಗೇ ಬುಗ್ಗೆಯಾಗುತ್ತದೆ ಎಂಬ ಅರ್ಥದ ಮಾತು ಹೇಳುತ್ತಾನೆ. ಯೋಗ್ಯತೆ ಕೇಳದೆ ಕೊಡುವ ಈ ಪ್ರೀತಿ ರಮಾಬಾಯಿಯವರ ಹೃದಯವನ್ನು ತಟ್ಟಿತು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಕಥೆ ಸುಖಾಂತವಾಯಿತು ಎಂದುಕೊಂಡರೆ ತಪ್ಪು. ನನ್ನ ದೃಷ್ಟಿಯಲ್ಲಿ ಈ ಬಾಳಿನ ಬಹುಮುಖ್ಯ ಸಂಗತಿ ಮುಂದಿದೆ. 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ರಮಾಬಾಯಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತನಗೆ ದೊರೆತದ್ದು ಕ್ರೈಸ್ತ ಮತ ಮಾತ್ರ, ಕ್ರಿಸ್ತನಲ್ಲ ಎಂದು ಅರಿವಾಯಿತಂತೆ. ಹೆಸರು ಬದಲಾಗಿತ್ತು, ಪ್ರಾರ್ಥನೆ ಬದಲಾಗಿತ್ತು. ಒಳಗಿನ ಬಾಯಾರಿಕೆ ಹಾಗೆಯೇ ಇತ್ತು. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದಿದರು. ಪಾದ್ರಿಯಾಗಿ ವರ್ಷಗಟ್ಟಲೆ ದುಡಿದ ಮೇಲೆ, ತನ್ನದೇ ಉಪದೇಶದ ನಡುವೆ ನಿಜವಾದ ನಂಬಿಕೆ ಹುಟ್ಟಿದ ಮನುಷ್ಯನ ಕಥೆ ಅದು. ತಾನು ಇದುವರೆಗೆ ಪುಣ್ಯ ಗಳಿಸುವ ಹಳೆಯ ದಾರಿಯಲ್ಲೇ ಹೊಸ ಮತವನ್ನೂ ನಡೆಸುತ್ತಿದ್ದೆ ಎಂದು ರಮಾಬಾಯಿಗೆ ಹೊಳೆಯಿತು. ಕ್ಷಮೆ ಗಳಿಸುವಂಥದ್ದಲ್ಲ, ಕೈಚಾಚಿ ಪಡೆಯುವಂಥದ್ದು. ಹಾಗೆ ಪಡೆದ ದಿನದಿಂದ ಆನಂದ ತನ್ನಲ್ಲಿ ನೆಲೆಸಿತು ಎಂದು ಅವರು ಬರೆದರು. ಆ ಪುಸ್ತಕಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ 'ಎಂದೂ ಮುಗಿಯದ ನಮ್ಮ ಸಂಪತ್ತು' ಎಂದು. ಕ್ಷಾಮದಲ್ಲಿ ಕೊನೆಯ ಪಾತ್ರೆ ಮಾರಿದ್ದನ್ನು ಕಂಡವರ ಲೇಖನಿಯಿಂದ ಬಂದ ಹೆಸರು ಇದು ಎಂಬುದನ್ನು ಮರೆಯಬಾರದು.

ಈ ಆನಂದ ಪರೀಕ್ಷೆಯಿಲ್ಲದೆ ಸಾಗಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ಆರಂಭಿಸಿ ಮರುವರ್ಷ ಪುಣೆಗೆ ತಂದ ಶಾರದಾ ಸದನದಲ್ಲಿ ಬಾಲವಿಧವೆಯರು ಓದುತ್ತಿದ್ದರು. ಮತದ ವಿಷಯದಲ್ಲಿ ತಟಸ್ಥವಾಗಿರುತ್ತದೆ ಎಂಬ ಭರವಸೆಯ ಮೇಲೆ ನಡೆದ ಸಂಸ್ಥೆ ಅದು. ಆದರೆ ರಮಾಬಾಯಿಯವರ ಪ್ರಾರ್ಥನೆಯ ಕೋಣೆಗೆ ಹುಡುಗಿಯರೂ ಬಂದು ಕೂರತೊಡಗಿದಾಗ ಪುಣೆಯಲ್ಲಿ ಗದ್ದಲವೆದ್ದಿತು. ತಿಲಕರ 'ಕೇಸರಿ' ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರಬಂದರು. ಪಾಲಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪಾಲಕರ ಆತಂಕವನ್ನು ಸುಳ್ಳೆನ್ನಲಾಗದು. ಮಕ್ಕಳನ್ನು ನಂಬಿ ಒಪ್ಪಿಸಿದವರು ಅವರು. ತನಗೆ ದೊರೆತದ್ದನ್ನು ಮುಚ್ಚಿಟ್ಟುಕೊಳ್ಳಲು ರಮಾಬಾಯಿಗೂ ಆಗಲಿಲ್ಲ. ಇದೇ ಸದನದಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆ, ತಮ್ಮ ಧರ್ಮದಲ್ಲೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಕರ್ವೆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಂದಾಗ ರಮಾಬಾಯಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಸಿವು ಏನೆಂದು ಬಲ್ಲವರು. ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ದೌಂಡ್ ರೈಲು ಮಾರ್ಗದಲ್ಲಿರುವ ಕೇಡಗಾಂವದ ತಮ್ಮ ಹೊಲದಲ್ಲಿ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನರಿದ್ದರು. ನೇಯ್ಗೆ, ಬೇಸಾಯ, ಹೈನು, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು, ಕುರುಡರಿಗೂ ಪಾಠವಿತ್ತು. ನಿಶ್ಚಿತ ವರಮಾನ ಎಂಬುದಿರಲಿಲ್ಲ. ಕನ್ನಡ ನಾಡನ್ನೂ ಅವರು ಮರೆಯಲಿಲ್ಲ. ಆಗ ನಿಜಾಮರ ಆಡಳಿತದಲ್ಲಿದ್ದ ಗುಲಬರ್ಗಾದಲ್ಲಿ 1912ರ ಸುಮಾರಿಗೆ ಶಾಲೆಯೊಂದನ್ನು ತೆರೆದರು. ಅದರ ಹೊಣೆ ಹೊತ್ತವರು ಮಗಳು ಮನೋರಮಾ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣವಾದದ್ದು. ತನ್ನ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಆ ಒಬ್ಬಳೇ ಮಗಳು 1921ರ ಜುಲೈಯಲ್ಲಿ ತಾಯಿಯ ಕಣ್ಣೆದುರೇ ತೀರಿಕೊಂಡಳು. ರಮಾಬಾಯಿಗೆ ಆಗ ಅರವತ್ತಮೂರು. ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಮಾಡುತ್ತ ಬಂದಿದ್ದ ಬೈಬಲಿನ ಮರಾಠಿ ಅನುವಾದ ಇನ್ನೂ ಕೈಯಲ್ಲಿತ್ತು. ಅವರು ಆ ಕೆಲಸವನ್ನು ಬಿಡಲಿಲ್ಲ, ಪೂರ್ಣಗೊಳಿಸಿದರು. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಹಾಗಾದರೆ ಶಾಶ್ವತ ಸುಖವೆಂದರೇನು? ದುಃಖವೇ ಬಾರದಿರುವುದಂತೂ ಅಲ್ಲ. ಮಗಳು ಸತ್ತರೆ ತಾಯಿ ಅಳುತ್ತಾಳೆ, ನಂಬಿಕೆಯಿದ್ದರೂ ಅಳುತ್ತಾಳೆ. ನನಗೆ ತಿಳಿದಮಟ್ಟಿಗೆ ಕ್ರೈಸ್ತ ವಿಶ್ವಾಸ ಹೇಳುವುದು ಇಷ್ಟು: ನಾವು ಪ್ರೀತಿಗೆ ಪಾತ್ರರಾದದ್ದು ನಮ್ಮ ಗಳಿಕೆಯಿಂದಲ್ಲ, ಆದ್ದರಿಂದ ನಮ್ಮ ನಷ್ಟದಿಂದ ಆ ಪ್ರೀತಿ ಕಳೆದುಹೋಗುವುದೂ ಇಲ್ಲ. ಗಳಿಸಿದ್ದು ಖರ್ಚಾಗುತ್ತದೆ; ದಾನವಾಗಿ ಬಂದದ್ದನ್ನು ಹಂಚಿದಷ್ಟೂ ಉಳಿಯುತ್ತದೆ.

ಈ ಮಾತು ಧರ್ಮಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದಕ್ಕಲ್ಲ. ಮತದ ಹೆಸರು ಬದಲಾದ ಮಾತ್ರಕ್ಕೆ ಸುಖ ಸಿಗುವುದಿಲ್ಲ ಎಂಬುದಕ್ಕೆ ರಮಾಬಾಯಿಯವರ ಆ ಎಂಟು ವರ್ಷಗಳೇ ಸಾಕ್ಷಿ. ಹುಟ್ಟಿನಿಂದ ಬಂದ ಮತದ ಹೆಸರನ್ನು ಹೊತ್ತುಕೊಂಡಿರುವ ನಮಗೆಲ್ಲ, ಕ್ರೈಸ್ತರಿಗೂ ಸೇರಿಸಿ, ಅದು ಅನ್ವಯಿಸುತ್ತದೆ. ಊರು ಬಿಟ್ಟು ಬಂದು ಪುಣೆಯಲ್ಲಿ ಫ್ಲ್ಯಾಟು, ನೌಕರಿ, ಮಕ್ಕಳ ಸೀಟು ಎಂದು ಓಡುತ್ತಿರುವ ನಾವು, ಇವೆಲ್ಲ ಕೈಬಿಟ್ಟರೂ ಉಳಿಯುವಂಥದ್ದು ನಮ್ಮೊಳಗೆ ಏನಿದೆ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳುವುದು ಒಳ್ಳೆಯದು.

ಪುಣೆಯಿಂದ ಕೇಡಗಾಂವ ಸುಮಾರು 60 ಕಿಲೋಮೀಟರು. ಮುಕ್ತಿ ಮಿಷನ್ ಇಂದಿಗೂ ನಿರಾಶ್ರಿತ ಮಹಿಳೆಯರ, ಮಕ್ಕಳ ಸೇವೆಯಲ್ಲಿದೆ. ಗಂಗಾಮೂಲದ ಮಗಳು ನೆಟ್ಟ ಗಿಡವದು. ಕನ್ನಡಿಗರು ಒಮ್ಮೆ ಹೋಗಿ ನೋಡಿ ಬರಬೇಕಾದ ಜಾಗ. ಸಮಸ್ತ ಓದುಗರಿಗೆ ಕ್ರಿಸ್ಮಸ್ ಹಬ್ಬದ ಹಾರ್ದಿಕ ಶುಭಾಶಯಗಳು.