ಜೀವ ಉಳೀತಲ್ಲ ಸಾರ್!

ಅಪ್ಪ ಬದುಕಿ ಬಂದರು. ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದು, ನ್ಯುಮೋನಿಯಾ ಗೆದ್ದು ವಾರ್ಡಿಗೆ ಬಂದ ದಿನ ನಾವು ಮೈಸೂರ್ ಪಾಕ್ ಹಂಚಿದ್ವಿ. ಅಪ್ಪ ಮಾತ್ರ "ಎಡಗಣ್ಣಿಗೆ ಮಂಜು ಮುಸುಕಿದ ಹಾಗಿದೆ ಕಣೋ" ಅಂದ್ರು. ಕಾರ್ನಿಯಾ ಒಣಗಿ, ಹುಣ್ಣಾಗಿ, ಬಿಳಿ ಕಲೆ ಉಳಿದಿತ್ತು. ಕೇಳಿದ್ದಕ್ಕೆ ಡ್ಯೂಟಿ ಡಾಕ್ಟರ್, "ಐಸಿಯುನಲ್ಲಿ ಇವೆಲ್ಲಾ ಆಗುತ್ತೆ. ಜೀವ ಉಳೀತಲ್ಲ ಸಾರ್!"

ನನ್ನ ಜಗಳ ಇರೋದು ಈ ಮಾತಿನ ಮೇಲೆ.

ಎಚ್ಚರವಿದ್ದಾಗ ನಾವು ನಿಮಿಷಕ್ಕೆ ಹತ್ತು ಹದಿನೈದು ಸಲ ರೆಪ್ಪೆ ಬಡೀತೀವಿ. ಪ್ರತಿ ಸಲವೂ ಕಣ್ಣೀರಿನ ತೆಳುಪದರ ಕಣ್ಣಿಗೆ ಸವರಿಕೊಳ್ಳುತ್ತೆ. ಪ್ರಜ್ಞೆ ತಗ್ಗಿಸುವ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟಾಗ ಇದು ನಿಲ್ಲುತ್ತೆ. ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚೋದೂ ಇಲ್ಲ. ಆ ಸಂದಿಯಲ್ಲಿ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ ಒಣಗಿ ಸುಲಿಯುತ್ತೆ. ಕಫ ಹೀರುವಾಗ ಸಿಡಿದ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಕೂತರೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗಬಹುದು. ಉರೀತಿದೆ ಅನ್ನೋಕೆ ರೋಗಿಗೆ ಎಚ್ಚರವೇ ಇರಲ್ಲ.

ತಡೆಯೋಕೆ ಕೋಟಿಯ ಯಂತ್ರ ಬೇಕಾ? ಟಾರ್ಚ್ ಹಾಕಿ ರೆಪ್ಪೆ ಮುಚ್ಚಿದೆಯಾ ನೋಡೋದು, ಹೊತ್ತು ಹೊತ್ತಿಗೆ ಕಣ್ಣು ಒರೆಸಿ ಮುಲಾಮು ಹಚ್ಚೋದು, ಮುಚ್ಚದಿದ್ರೆ ಟೇಪ್ ಅಥವಾ ಪಾಲಿಥೀನ್ ಹಾಳೆಯಿಂದ ಮುಚ್ಚೋದು, ಕಫ ಹೀರುವಾಗ ಕಣ್ಣಿಗೆ ಮರೆ ಮಾಡೋದು. ಇಷ್ಟೇ. ಬ್ರಿಟನ್ನಿನಲ್ಲಿ 2017ರಲ್ಲೇ ಇದಕ್ಕೆ ಮಾರ್ಗಸೂಚಿ ಬಂದಿದೆ.

"ಸಿಸ್ಟರ್‌ಗಳಿಗೆ ಪುರುಸೊತ್ತಿಲ್ಲ" ಅಂತೀರಾ? ನಿಜ. ಅವರನ್ನ ನಾನೂ ಬೈಯಲ್ಲ. ಬಿಪಿ, ಮೂತ್ರ, ಶುಗರ್ ಬರೆಯೋ ಚಾರ್ಟಿನಲ್ಲಿ 'ಕಣ್ಣು' ಅನ್ನೋ ಸಾಲೇ ಇಲ್ಲದಿದ್ರೆ ಅವರಿಗೆ ನೆನಪಿಸೋರು ಯಾರು? ಆ ಸಾಲು ಸೇರಿಸಬೇಕಾದ್ದು ಆಡಳಿತ. ನಮಗೆ ಕೊಟ್ಟ ಬಿಲ್ಲಿನಲ್ಲಿ ಕೈಗವಸಿಗೂ ಒಂದು ಸಾಲಿತ್ತು.

2021ರಲ್ಲಿ ಅಪ್ಪು ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನಾವೆಲ್ಲ ನೇತ್ರದಾನದ ಫಾರಂ ತುಂಬಿದ್ವಿ, ಸ್ಟೇಟಸ್ ಹಾಕ್ಕೊಂಡ್ವಿ. ನಾನೂ ಹಾಕಿದ್ದೆ. ಸತ್ತವರ ಕಾರ್ನಿಯಾವನ್ನ ಗಂಟೆಗಳ ಲೆಕ್ಕದಲ್ಲಿ ಜೋಪಾನ ಮಾಡೋ ಊರಲ್ಲಿ, ಬದುಕಿರೋರದ್ದು ಹಾಸಿಗೆ ಮೇಲೇ ಒಣಗ್ತಿದೆ. ಈಗ ಅಪ್ಪನ ಹೆಸರೂ ಕಾರ್ನಿಯಾ ಕಸಿಗಾಗಿ ಕಾಯೋರ ಪಟ್ಟಿಯಲ್ಲಿದೆ.

ನಿಮ್ಮವರು ಐಸಿಯುನಲ್ಲಿದ್ರೆ, ಒಳಗೆ ಬಿಡೋ ಆ ಐದು ನಿಮಿಷದಲ್ಲಿ ಮಾನಿಟರ್ ಬಿಟ್ಟು ಮುಖ ನೋಡಿ. ರೆಪ್ಪೆಯ ಸಂದಿಯಲ್ಲಿ ಬಿಳಿ ಕಂಡ್ರೆ ಕೇಳಿ: "ಸಿಸ್ಟರ್, ಕಣ್ಣಿಗೆ ಮುಲಾಮು ಯಾವಾಗ ಹಾಕಿದ್ರಿ?" ನಾನು ಹನ್ನೊಂದು ದಿನವೂ ಕೇಳಲಿಲ್ಲ.